ಗೇಮಿಂಗ್ ಕಂಪ್ಯೂಟರ್ ಕೊಳ್ಳುವ ಮುಂಚೆ ಕ್ಯಾಲೆಂಡರ್ ತೆಗೆಯಿರಿ

2025ರ ಏಪ್ರಿಲ್‌ನ ಒಂದು ಶನಿವಾರ ಬೆಂಗಳೂರಿನ ಕಂಪ್ಯೂಟರ್ ಅಂಗಡಿಗಳ ಬೀದಿ ಎಸ್.ಪಿ. ರೋಡ್‌ನಿಂದ ಒಂದು ಕೊಟೇಶನ್ ಬರೆಸಿಕೊಂಡು ಬಂದೆ. ಹೊಸ ಗೇಮಿಂಗ್ ಕಂಪ್ಯೂಟರ್‌ದು. ಬಸ್ಸಲ್ಲಿ ಆ ಚೀಟಿಯನ್ನು ನಾಲ್ಕು ಸಲ ಬಿಡಿಸಿ ಓದಿದೆ. ಅದೇ ರಾತ್ರಿ ಊರಿಂದ ಅಮ್ಮನ ಫೋನ್ ಬಂತು. "ಹಿತ್ತಿಲ ಕಡೆ ಹೆಂಚೆಲ್ಲ ಜಾರಿದೆ ಕಣೋ. ಮಳೆ ಹಿಡಿಯೋಕೆ ಮುಂಚೆ ಕೆಲಸ ಆಗ್ಬೇಕು." ಮಾತಿಗೆ ಮಾತು ಬಂದು ಕಂಪ್ಯೂಟರ್ ವಿಷಯ ಬಾಯಿಬಿಟ್ಟೆ. ಬೆಲೆ ಕೇಳಿ ಅಮ್ಮ ಒಂದು ಕ್ಷಣ ಸುಮ್ಮನಾದರು. ಆಮೇಲೆ, "ಒಂದು ಲಕ್ಷಾನಾ? ಆ ದುಡ್ಡಿಗೆ ಒಳ್ಳೆ ಸೀಮೆ ಹಸು ಬರುತ್ತಲ್ಲೋ!"

ಆ ವರ್ಷ ನನ್ನ ಮುಂದೆ ಹೆಂಚಿನ ಕೆಲಸ ಮಾತ್ರ ಇರಲಿಲ್ಲ. ಬಾಡಿಗೆ ಮನೆ ಬದಲಾಯಿಸಬೇಕಿತ್ತು, ಅಪ್ಪ ಅಮ್ಮನ ಆರೋಗ್ಯ ವಿಮೆ ಕಟ್ಟಬೇಕಿತ್ತು, ತಂಗಿಯ ಮದುವೆ ಗೊತ್ತಾಗಿತ್ತು. ನಿಮ್ಮ ಪಟ್ಟಿ ಬೇರೆ ಇರಬಹುದು. ಆದರೆ ಒಂದು ಕಡೆ ಆಸೆ, ಇನ್ನೊಂದು ಕಡೆ ಮನೆಯ ಖರ್ಚು ಅನ್ನುವ ತೂಗಾಟ ಒಂದೇ. ನಾನು ಲೆಕ್ಕ ಹಾಕಿದ್ದು ಹೇಗೆ, ಎಲ್ಲಿ ಎಡವಿದೆ ಅನ್ನುವುದನ್ನು ಒಂದೊಂದೇ ಹೆಜ್ಜೆಯಾಗಿ ಹೇಳುತ್ತೇನೆ.

ಹೆಜ್ಜೆ 1: ಪೂರ್ತಿ ಬೆಲೆ ಬರೆಯಿರಿ, ಡಬ್ಬದ ಬೆಲೆ ಅಲ್ಲ

ಗೇಮಿಂಗ್ ಕಂಪ್ಯೂಟರ್ ಬೆಲೆ ಎಷ್ಟು ಅಂತ ಕೇಳಿದರೆ ಎಲ್ಲರೂ ಕ್ಯಾಬಿನೆಟ್ ಒಳಗಿನ ಸಾಮಾನಿನ ಬೆಲೆಯನ್ನೇ ಹೇಳುತ್ತಾರೆ. ನನ್ನ ಚೀಟಿಯಲ್ಲಿ ಇದ್ದದ್ದು ಹೀಗೆ: ರೈಜನ್ 5 7600 ಪ್ರೊಸೆಸರ್ 18,000. ಮದರ್‌ಬೋರ್ಡ್ 13,000. 32 ಜಿಬಿ ಡಿಡಿಆರ್5 ರ‍್ಯಾಮ್ 9,000. ಆರ್‌ಟಿಎಕ್ಸ್ 4060 ಗ್ರಾಫಿಕ್ಸ್ ಕಾರ್ಡ್ 28,000. 1 ಟಿಬಿ ಎಸ್‌ಎಸ್‌ಡಿ 5,500. ಒಳಗೆಲ್ಲ ಕರೆಂಟ್ ಹಂಚುವ ಎಸ್‌ಎಂಪಿಎಸ್ 5,500. ಕ್ಯಾಬಿನೆಟ್ 4,500. ಕೂಲರ್ 2,000. ಒಟ್ಟು 85,500 ರೂಪಾಯಿ.

"ಎಂಬತ್ತೈದು ಸಾವಿರ ತಾನೇ" ಅಂದುಕೊಂಡಿದ್ದೆ. ಆಮೇಲೆ 27 ಇಂಚಿನ ಮಾನಿಟರ್ 19,000, 1 ಕೆವಿಎ ಯುಪಿಎಸ್ 6,000 ಸೇರಿತು. ಅಲ್ಲಿಗೆ 1,10,500. ಯುಪಿಎಸ್ ಬೇಡ ಅನ್ನುವ ಹಾಗಿಲ್ಲ, ನಮ್ಮ ಏರಿಯಾದಲ್ಲಿ ಕರೆಂಟ್ ಹೇಳಿ ಕೇಳಿ ಹೋಗುವುದಿಲ್ಲ. ಹಳೇ 600 ವಿಎ ಯುಪಿಎಸ್ ಇಂಥ ಕಂಪ್ಯೂಟರ್‌ನ ಭಾರ ತಡೆಯುವುದೂ ಇಲ್ಲ. ವಿಂಡೋಸ್ ಲೈಸೆನ್ಸ್, ಹೊಸ ಗೇಮ್‌ಗಳ ಬೆಲೆ ಇನ್ನೂ ಈ ಲೆಕ್ಕದಲ್ಲಿ ಬಂದಿಲ್ಲ. ದೊಡ್ಡ ಗೇಮ್ ಬಿಡುಗಡೆಯ ದಿನವೇ ಬೇಕು ಅಂದರೆ ಮೂರರಿಂದ ಐದು ಸಾವಿರ ಇಡಬೇಕು. ಎಪಿಕ್ ಸ್ಟೋರ್ 2018ರಿಂದ ಪುಕ್ಕಟೆ ಗೇಮ್ ಹಂಚುತ್ತಾ ಬಂದಿದೆ, ನನ್ನ ಹತ್ತಿರ ಅಂಥವು ರಾಶಿ ಬಿದ್ದಿವೆ. ಅದರಲ್ಲಿ ಆಡಿದ್ದು ಮಾತ್ರ ಮೂರೋ ನಾಲ್ಕೋ.

ಕೊಟೇಶನ್ ತೆಗೆದುಕೊಳ್ಳುವಾಗ ಜಿಎಸ್‌ಟಿ ಸೇರಿಯೋ ಬಿಟ್ಟೋ ಅಂತ ಬಾಯಿಬಿಟ್ಟು ಕೇಳಿ. 18 ಪರ್ಸೆಂಟ್ ಸಣ್ಣ ಮೊತ್ತ ಅಲ್ಲ. "ಬಿಲ್ ಬೇಡ ಅಂದರೆ ಕಡಿಮೆ ಮಾಡ್ತೀವಿ" ಅನ್ನುವ ಮಾತೂ ಕಿವಿಗೆ ಬೀಳುತ್ತದೆ. ಬಿಲ್ ಇಲ್ಲದಿದ್ದರೆ ನಾಳೆ ವಾರಂಟಿ ಕೇಳಲು ಕೈಯಲ್ಲಿ ಏನೂ ಇರುವುದಿಲ್ಲ.

ಹೆಜ್ಜೆ 2: ಪ್ರತಿ ಖರ್ಚಿನ ಪಕ್ಕ ತಾರೀಕು ಹಾಕಿ

ಇದೊಂದು ಹೆಜ್ಜೆ ಸರಿಯಾಗಿ ಮಾಡಿದರೆ ಅರ್ಧ ಕೆಲಸ ಮುಗಿದ ಹಾಗೆ. "ಮದುವೆ ಮುಖ್ಯವೋ ಕಂಪ್ಯೂಟರ್ ಮುಖ್ಯವೋ" ಅಂತ ಕೇಳಿಕೊಂಡರೆ ಉತ್ತರ ಗೊತ್ತಿರುವುದೇ. ಅದನ್ನು ಕೇಳಿಕೊಂಡು ಸುಮ್ನೆ ಮನಸ್ಸು ಕೆಡಿಸಿಕೊಳ್ಳುತ್ತೇವೆ ಅಷ್ಟೆ. ಯಾವ ದುಡ್ಡು ಯಾವ ದಿನ ಕೈಯಲ್ಲಿ ಇರಬೇಕು ಅಂತ ಕೇಳಿಕೊಳ್ಳಿ. ಖರ್ಚಿನಲ್ಲಿ ಎರಡು ಜಾತಿ: ತಾರೀಕು ಇರುವುದು, ತಾರೀಕು ಇಲ್ಲದ್ದು. ಮುಂಗಾರು ನಮಗಾಗಿ ಕಾಯುವುದಿಲ್ಲ, ಛತ್ರದವರೂ ಕಾಯುವುದಿಲ್ಲ. ಕಂಪ್ಯೂಟರ್‌ಗೆ ಮಾತ್ರ ಮುಹೂರ್ತ ಇಲ್ಲ.

ಗೋಡೆಯ ಕ್ಯಾಲೆಂಡರ್ ತೆಗೆದು ಅದರ ಹಿಂದೆ ನಾನು ಬರೆದಿದ್ದು ಇದು. ಬ್ಯಾಂಕಲ್ಲಿ 1,65,000 ಇತ್ತು. ತಿಂಗಳಿಗೆ ಉಳಿಯುವುದು 15,000.

ಏಪ್ರಿಲ್ ಕೊನೆ: ಹೊಸ ಬಾಡಿಗೆ ಮನೆ. ಬಾಡಿಗೆ 18,000, ಐದು ತಿಂಗಳ ಅಡ್ವಾನ್ಸ್ 90,000.
ಮೇ: ಹೆಂಚಿನ ಕೆಲಸ 60,000. ಹಳೇ ಮನೆಯ ಅಡ್ವಾನ್ಸ್ 56,000 ವಾಪಸ್.
ಆಗಸ್ಟ್: ಅಪ್ಪ ಅಮ್ಮನ ವಿಮೆ 32,000.
ಫೆಬ್ರವರಿ 2026: ತಂಗಿಯ ಮದುವೆ, ನನ್ನ ಪಾಲು 3,00,000.

ಹಳೇ ಅಡ್ವಾನ್ಸ್ 70,000 ಇತ್ತು. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡರು, ಅದು ಇಲ್ಲಿ ಮಾಮೂಲಿ. ಗಮನಿಸಬೇಕಾದ್ದು ಬೇರೆ. ಹೊಸ ಮನೆಗೆ ಕೊಡುವ ದಿನ, ಹಳೇ ಮನೆಯಿಂದ ಬರುವ ದಿನ ಎರಡೂ ಒಂದೇ ಅಲ್ಲ. ನಡುವೆ ಮೂರು ನಾಲ್ಕು ವಾರ ಎರಡೂ ಅಡ್ವಾನ್ಸ್ ಬೇರೆಯವರ ಕೈಯಲ್ಲೇ ಇರುತ್ತದೆ. ಆ ಕೊಟೇಶನ್‌ನ ಸಂಭ್ರಮದಲ್ಲಿ ನಾನು ಮರೆತದ್ದು ಇದನ್ನೇ. ಆ ಶನಿವಾರವೇ ಕಂಪ್ಯೂಟರ್ ಕೊಂಡಿದ್ದರೆ ಕೈಯಲ್ಲಿ 54,500 ಉಳಿಯುತ್ತಿತ್ತು. ಹತ್ತು ದಿನ ಬಿಟ್ಟು 90,000 ಕೊಡಬೇಕಿತ್ತು. ಹೊಸ ಮಾನಿಟರ್‌ನ ಪ್ಲಾಸ್ಟಿಕ್ ಕವರ್ ಕೀಳುವ ಮುಂಚೆಯೇ 35,500 ಸಾಲ!

ಈಗ ತಿಂಗಳು ತಿಂಗಳು ಕೂಡಿ ಕಳೆಯಿರಿ. ಏಪ್ರಿಲ್ ಕೊನೆಗೆ 75,000. ಮೇ ಕೊನೆಗೆ 86,000. ಆಗಸ್ಟ್‌ನಲ್ಲಿ ವಿಮೆ ಕಟ್ಟಿದ ಮೇಲೆ 99,000. ಹೀಗೇ ಹೋದರೆ ಫೆಬ್ರವರಿಗೆ 1,89,000. ಬೇಕಾದದ್ದು ಮೂರು ಲಕ್ಷ. ಅಂದರೆ ಕಂಪ್ಯೂಟರ್ ಕೊಳ್ಳದೇ ಇದ್ದರೂ 1,11,000 ಕಡಿಮೆ. ಹೆಚ್ಚು ಕಮ್ಮಿ ಆ ಕೊಟೇಶನ್‌ನ ಮೊತ್ತವೇ! ಇದನ್ನು ನೋಡಿ ನಾನು ಪೆನ್ನು ಕೆಳಗಿಟ್ಟು ಟೀ ಮಾಡಿಕೊಂಡೆ.

ನಿಮ್ಮ ಲೆಕ್ಕದಲ್ಲಿ ಕೊನೆಯ ಸಾಲು ಪ್ಲಸ್‌ನಲ್ಲಿ ಇದ್ದರೆ, ಯಾವ ತಿಂಗಳೂ ಮೈನಸ್‌ಗೆ ಹೋಗದಿದ್ದರೆ, ಕಂಪ್ಯೂಟರ್ ಕೊಳ್ಳಲು ಯಾರ ಅಪ್ಪಣೆಯೂ ಬೇಡ. ನೇರವಾಗಿ ಆರನೇ ಹೆಜ್ಜೆಗೆ ಹೋಗಿ. ಒಂದೇ ಒಂದು ಮಾತು: ಮೂರು ತಿಂಗಳ ಮನೆ ಖರ್ಚು ಪಕ್ಕಕ್ಕೆ ಇಟ್ಟ ಮೇಲೆ ಉಳಿಯುವುದನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ವಿಮೆಯನ್ನು "ಮುಂದಿನ ವರ್ಷ ನೋಡೋಣ" ಅನ್ನುವವರಿಗೆ ಒಂದು ಮಾತು. ಮೊದಲೇ ಇರುವ ಕಾಯಿಲೆಗಳಿಗೆ ಪಾಲಿಸಿ ತಗೊಂಡ ದಿನದಿಂದ ಮೂರು ವರ್ಷದವರೆಗೂ ಕಾಯಬೇಕಾಗಬಹುದು. ಈ ವರ್ಷ ಮುಂದೂಡಿದರೆ ಆ ಗಡಿಯಾರವೂ ಒಂದು ವರ್ಷ ತಡವಾಗಿ ಶುರುವಾಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಜಿಎಸ್‌ಟಿಯನ್ನೂ ತೆಗೆದಿದ್ದಾರೆ. ನಾನು ಆಗಸ್ಟ್‌ನಲ್ಲೇ ಕಟ್ಟಿದೆ. ಒಂದು ತಿಂಗಳಲ್ಲಿ ತಪ್ಪಿತು, ಏನು ಮಾಡೋದು.

ಹೆಜ್ಜೆ 3: ನಿಜವಾಗಿ ಎಷ್ಟು ಆಡುತ್ತೀರಿ?

ಇದು ಬೇಗ ಮುಗಿಯುವ ಕೆಲಸ. ಗೇಮ್ ಕೊಂಡು ಆಡುವ ಸ್ಟೀಮ್ ಆ್ಯಪ್ ತೆರೆಯಿರಿ, ಕಳೆದ ಎರಡು ವಾರದಲ್ಲಿ ಎಷ್ಟು ಗಂಟೆ ಆಡಿದ್ದೀರಿ ಅಂತ ಅದೇ ತೋರಿಸುತ್ತದೆ. ವಾರಕ್ಕೆ ಹನ್ನೆರಡು ಗಂಟೆ ಆಡುತ್ತೇನೆ ಅಂದುಕೊಂಡಿದ್ದೆ, ಹಾಗಾದರೆ ಐದು ವರ್ಷಕ್ಕೆ ಗಂಟೆಗೆ 35 ರೂಪಾಯಿ, ಅಗ್ಗವೇ. ತೆರೆದು ನೋಡಿದರೆ ವಾರಕ್ಕೆ ನಾಲ್ಕು ಗಂಟೆ. ಗಂಟೆಗೆ 106 ರೂಪಾಯಿ ಬಿತ್ತು.

ಆ ನಾಲ್ಕು ಗಂಟೆ ದಂಡ ಅಂತ ನಾನು ಹೇಳುವುದಿಲ್ಲ. ಶುಕ್ರವಾರ ರಾತ್ರಿ ಹಾಸ್ಟೆಲ್‌ನ ನಾಲ್ಕು ಜನ ಗೆಳೆಯರು ಸೇರುವುದು ಆ ಆಟದಲ್ಲೇ. ಒಬ್ಬ ಪುಣೆಯಲ್ಲಿ, ಒಬ್ಬ ದುಬೈನಲ್ಲಿ, ಒಬ್ಬ ದಾವಣಗೆರೆಯಲ್ಲಿ. ಆದರೆ ನಾವು ಆಡುವುದು ಭಾರೀ ಗ್ರಾಫಿಕ್ಸ್ ಬೇಡದ ಆಟ. ಅದು ನನ್ನ ಹಳೇ ಕಂಪ್ಯೂಟರ್‌ನಲ್ಲೇ ಚೆನ್ನಾಗಿ ಓಡುತ್ತಿತ್ತು ಅನ್ನುವುದನ್ನು ಒಪ್ಪಿಕೊಳ್ಳಲು ನನಗೆ ಒಂದು ವಾರ ಬೇಕಾಯಿತು.

ಹೆಜ್ಜೆ 4: ಇರುವ ಕಂಪ್ಯೂಟರ್‌ನಲ್ಲಿ ಎಳೆಯುತ್ತಿರುವುದು ಯಾವುದು ನೋಡಿ

ಹೊಸದು ಬೇಕು ಅನ್ನಿಸುವುದು ಇಡೀ ಕಂಪ್ಯೂಟರ್ ಹಳೆಯದಾಯಿತು ಅಂತ. ಸಾಮಾನ್ಯವಾಗಿ ಹಳೆಯದಾಗಿರುವುದು ಅದರೊಳಗಿನ ಒಂದು ಸಾಮಾನು, ಜಾಸ್ತಿ ಅಂದರೆ ಎರಡು. ನನ್ನದು 2019ರದ್ದು: ರೈಜನ್ 5 2600, ಬಿ450 ಬೋರ್ಡ್, 8 ಜಿಬಿ ರ‍್ಯಾಮ್ ಒಂದೇ ಸ್ಟಿಕ್, 4 ಜಿಬಿಯ ಜಿಟಿಎಕ್ಸ್ 1650 ಕಾರ್ಡ್.

ಪರೀಕ್ಷೆ ಸುಲಭ. ತೊಂದರೆ ಕೊಡುವ ಗೇಮ್ ಹಾಕಿ, ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು ಹತ್ತು ನಿಮಿಷ ಆಡಿ. ಗ್ರಾಫಿಕ್ಸ್ ಕಾರ್ಡ್ 97-99 ಪರ್ಸೆಂಟ್‌ನಲ್ಲೇ ನಿಂತಿದ್ದರೆ ಕಾರ್ಡ್ ಸುಸ್ತಾಗಿದೆ ಅಂತ ಅರ್ಥ. ಕಾರ್ಡ್ 60ರಲ್ಲಿ ಇದ್ದು ಆಟ ಮಾತ್ರ ತಡವರಿಸುತ್ತಿದ್ದರೆ ಪ್ರೊಸೆಸರ್ ಮೇಲೆ ಅನುಮಾನ ಪಡಿ. ಇನ್ನೊಂದು ದಾರಿ: ರೆಸಲ್ಯೂಶನ್ ಇಳಿಸಿ. ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರಗಳು) ಜಾಸ್ತಿಯಾದರೆ ಕಾರ್ಡ್ ಬದಲಾಯಿಸಿದರೆ ಸಾಕು. ಇಳಿಸಿದರೂ ಅಷ್ಟೇ ಇದ್ದರೆ ಪ್ರೊಸೆಸರ್‌ದೇ ತೊಂದರೆ ಇರಬೇಕು. ರ‍್ಯಾಮ್ ಪೂರ್ತಿ ತುಂಬಿಹೋಗಿದ್ದರೆ ಅದು ಅಲ್ಲೇ ಕಾಣುತ್ತದೆ.

ನನ್ನದರಲ್ಲಿ ಕಾರ್ಡ್ ಮತ್ತು ರ‍್ಯಾಮ್ ಎರಡೂ ಸೋತಿದ್ದವು. ಪ್ರೊಸೆಸರ್ ಪರವಾಗಿಲ್ಲ. ನಾಳೆ ಅದೂ ಸಾಲದಾದರೆ ಬಯೋಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ ಅದೇ ಬೋರ್ಡ್‌ಗೆ ರೈಜನ್ 5000 ಸರಣಿಯದ್ದು ಹಾಕಬಹುದು. ಪ್ರೊಸೆಸರ್ ಕೂರುವ ಸಾಕೆಟ್ ಹಳೇ ಎಎಂ4 ಆಗಿರುವವರಿಗೆ ಈ ಒಂದು ಭಾಗ್ಯ ಇದೆ.

ಸೆಕೆಂಡ್ ಹ್ಯಾಂಡ್ ಆರ್‌ಎಕ್ಸ್ 6600 ಗ್ರಾಫಿಕ್ಸ್ ಕಾರ್ಡ್, 8 ಜಿಬಿ, 13,000ಕ್ಕೆ ಸಿಕ್ಕಿತು. ಇನ್ನೊಂದು 8 ಜಿಬಿ ರ‍್ಯಾಮ್ 1,600. ಅಲ್ಲಿಗೆ ಮುಗಿಯಿತು ಅಂದುಕೊಂಡು ಕ್ಯಾಬಿನೆಟ್ ಬಿಚ್ಚಿದೆ. ಹೊಸ ಕಾರ್ಡ್‌ಗೆ 8 ಪಿನ್ ವೈರ್ ಬೇಕು. ನನ್ನ ಎಸ್‌ಎಂಪಿಎಸ್‌ನ ವೈರುಗಳನ್ನೆಲ್ಲ ಟಾರ್ಚ್ ಹಿಡಿದು ಎಳೆದೆಳೆದು ನೋಡಿದೆ. ಹಾರ್ಡ್ ಡಿಸ್ಕ್‌ನದು ಇದೆ, ಎಂದೂ ಬಳಸದ ಇನ್ಯಾವುದೋ ಇದೆ, 8 ಪಿನ್ ಮಾತ್ರ ಇಲ್ಲ. ಹಳೇ ಕಾರ್ಡ್ ಬೋರ್ಡಿನಿಂದಲೇ ಕರೆಂಟ್ ಎಳೆದುಕೊಳ್ಳುತ್ತಿತ್ತು, ಹಾಗಾಗಿ ಆರು ವರ್ಷ ಇದು ಗೊತ್ತೇ ಆಗಿರಲಿಲ್ಲ. ಆಗ ಅಸೆಂಬಲ್ ಮಾಡಿಕೊಟ್ಟವರು ಹಾಕಿದ್ದು ಹೆಸರೇ ಇಲ್ಲದ ಒಂದು ಎಸ್‌ಎಂಪಿಎಸ್. ಕನ್ವರ್ಟರ್ ವೈರ್ ಹಾಕಿ ಜುಗಾಡ್ ಮಾಡುವ ಮನಸ್ಸಾಯಿತು. ಮಾಡಬೇಡಿ, ವೈರ್ ಕರಗಿದ ಫೋಟೋಗಳನ್ನು ನಾನು ನೋಡಿದ್ದೇನೆ. 550 ವ್ಯಾಟ್‌ನ ಒಳ್ಳೆಯದು 4,000 ಆಯಿತು. ಒಟ್ಟು 18,600. ಒಂದು ಲಕ್ಷ ಹತ್ತು ಸಾವಿರದ ಕನಸು ಮುಕ್ಕಾಲು ಪಾಲು ಇದರಲ್ಲೇ ತೀರಿತು.

ಇನ್ನೊಂದು ನೆಪ ನನ್ನ ಹತ್ತಿರ ಇತ್ತು. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯುತ್ತದೆ, ಹಾಗಾಗಿ ಹೊಸ ಕಂಪ್ಯೂಟರ್ ಬೇಕೇ ಬೇಕು ಅಂತ. ನೋಡಿದರೆ ರೈಜನ್ 2600 ವಿಂಡೋಸ್ 11ರ ಪಟ್ಟಿಯಲ್ಲಿ ಇದೆ. ಬಯೋಸ್‌ನಲ್ಲಿ ಟಿಪಿಎಂ ಅನ್ನುವ ಭದ್ರತಾ ಸೌಲಭ್ಯ ಆನ್ ಮಾಡುವುದಷ್ಟೇ ಬಾಕಿ ಇತ್ತು. ನಿಮ್ಮದು ಪಟ್ಟಿಯಲ್ಲಿ ಇದೆಯೋ ಇಲ್ಲವೋ ಮೊದಲು ನೋಡಿಕೊಳ್ಳಿ. ಮೊದಲ ತಲೆಮಾರಿನ ರೈಜನ್‌ಗಳು ಅದರಲ್ಲಿ ಇಲ್ಲ.

ಹೆಜ್ಜೆ 5: ಇಎಂಐ ಲೆಕ್ಕವನ್ನು ಕೈಯಾರೆ ಹಾಕಿ

"ನೋ ಕಾಸ್ಟ್ ಇಎಂಐ ಇದೆಯಲ್ಲ, ತಿಂಗಳಿಗೆ ಒಂಬತ್ತು ಸಾವಿರ, ಗೊತ್ತೇ ಆಗಲ್ಲ" ಅಂತ ಗೆಳೆಯ ಹೇಳಿದ. ಸೊನ್ನೆ ಬಡ್ಡಿ ಅನ್ನುವುದೇ ಇಲ್ಲ ಅಂತ ರಿಸರ್ವ್ ಬ್ಯಾಂಕ್ 2013ರಲ್ಲೇ ಹೇಳಿದೆ. ನೋ ಕಾಸ್ಟ್‌ನಲ್ಲಿ ಬಡ್ಡಿ ಇರುತ್ತದೆ, ಅಷ್ಟೇ ಮೊತ್ತವನ್ನು ಡಿಸ್ಕೌಂಟ್ ಅಂತ ಬೆಲೆಯಲ್ಲಿ ಬಿಡುತ್ತಾರೆ. ಆದರೆ ಆ ಬಡ್ಡಿಯ ಮೇಲಿನ 18 ಪರ್ಸೆಂಟ್ ಜಿಎಸ್‌ಟಿ ನಮ್ಮ ತಲೆಗೇ. 16 ಪರ್ಸೆಂಟ್ ಬಡ್ಡಿಗೆ ಹನ್ನೆರಡು ತಿಂಗಳು ಅಂತ ಹಿಡಿದರೆ 1,10,500ಕ್ಕೆ ಬಡ್ಡಿ ಸುಮಾರು 9,000, ಅದರ ಜಿಎಸ್‌ಟಿ 1,600. ಪ್ರೊಸೆಸಿಂಗ್ ಫೀ ಬೇರೆ. ಅಂಗಡಿಯಲ್ಲಿ ಕ್ರೆಡಿಟ್ ಕಾರ್ಡ್ ಉಜ್ಜಿದರೆ 2 ಪರ್ಸೆಂಟ್ ಜಾಸ್ತಿ ಕೇಳಿದ್ದರು, ಅದು 2,210.

ಇವೆಲ್ಲ ತಡೆದುಕೊಳ್ಳಬಹುದು. ದೊಡ್ಡ ತೊಂದರೆ ಇನ್ನೊಂದಿದೆ. ನನಗೆ ಉಳಿಯುತ್ತಿದ್ದುದೇ 15,000. ಅದರಲ್ಲಿ 9,200 ಇಎಂಐಗೆ ಹೋದರೆ ಮದುವೆಗೆ ಕೂಡುವುದು ತಿಂಗಳಿಗೆ 5,800. ಮದುವೆಗೆ ಸಾಲ ಬೇಕು ಅಂತ ಬ್ಯಾಂಕಿಗೆ ಹೋದರೆ ನಡೆಯುತ್ತಿರುವ ಈ ಇಎಂಐ ಸಿಬಿಲ್‌ನಲ್ಲಿ ಕುಳಿತಿರುತ್ತದೆ, ಸಿಗುವ ಸಾಲ ಅಷ್ಟು ಕಡಿಮೆಯಾಗುತ್ತದೆ. ಇನ್ನು ಒಂದು ತಿಂಗಳು ಬಿಲ್ ಪೂರ್ತಿ ಕಟ್ಟಲು ಆಗದಿದ್ದರೆ ಕಾರ್ಡಿನ ಬಡ್ಡಿ ತಿಂಗಳಿಗೆ ಮೂರೂವರೆ ಪರ್ಸೆಂಟ್ ಆಸುಪಾಸು. ವರ್ಷಕ್ಕೆ ನಲವತ್ತು ದಾಟುತ್ತದೆ.

ಹೆಜ್ಜೆ 6: ಕೊಂಡ ಮೇಲಿನ ಖರ್ಚು

ಕರೆಂಟ್ ಬಿಲ್ ಬಗ್ಗೆ ಯಾರೂ ಯೋಚಿಸುವುದಿಲ್ಲ. ಆಡುವಾಗ ಕಂಪ್ಯೂಟರ್, ಮಾನಿಟರ್ ಸೇರಿ 350 ವ್ಯಾಟ್ ಅಂತ ಇಟ್ಟುಕೊಳ್ಳಿ. ದಿನಕ್ಕೆ ಮೂರು ಗಂಟೆ ಆಡಿದರೆ ತಿಂಗಳಿಗೆ 31 ಯೂನಿಟ್. ಯೂನಿಟ್‌ಗೆ ಸುಮಾರು 6 ರೂಪಾಯಿ ಅಂದರೆ ಇನ್ನೂರು ರೂಪಾಯಿಯೂ ಆಗಲಿಲ್ಲ, ಅಲ್ವಾ? ಆದರೆ ಗೃಹಜ್ಯೋತಿ ಇರುವ ಮನೆಯಲ್ಲಿ ಲೆಕ್ಕ ಬೇರೆ. ನಿಮಗೆ ನಿಗದಿಯಾದ ಯೂನಿಟ್ ದಾಟಿದರೆ ಹೆಚ್ಚಾದಷ್ಟಕ್ಕೆ ಮಾತ್ರ ದುಡ್ಡು. 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಈಗ 175ರಲ್ಲಿ ಇರುವ ಮನೆ ಈ 31ರಿಂದ 206ಕ್ಕೆ ಹೋಗುತ್ತದೆ, ಸೊನ್ನೆ ಬರುತ್ತಿದ್ದ ಬಿಲ್ ಒಂದೂವರೆ ಸಾವಿರಕ್ಕೂ ಜಾಸ್ತಿ ಆಗುತ್ತದೆ. ಕಳೆದ ಆರು ತಿಂಗಳ ಬಿಲ್ ತೆಗೆದು ಯೂನಿಟ್ ಎಷ್ಟಿದೆ ನೋಡಿಕೊಳ್ಳಿ. ಬೇಸಿಗೆಯ ಬಿಲ್ ಬಿಡಬೇಡಿ, ಫ್ಯಾನು ಕೂಲರ್ ಎಲ್ಲ ಅದರಲ್ಲೇ ಇರುತ್ತದೆ.

ಹೆಜ್ಜೆ 7: ಮನೆಯವರಿಗೆ ಲೆಕ್ಕ ತೋರಿಸಿ

ಕದ್ದು ಕೊಳ್ಳಬೇಡಿ. ಮದುವೆಯಾದವರಿಗೆ ಇದನ್ನು ಎರಡು ಸಲ ಹೇಳುತ್ತೇನೆ. "ಆಫೀಸ್ ಕೆಲಸಕ್ಕೆ ಬೇಕು" ಅನ್ನುವ ಸುಳ್ಳು, ಕ್ಯಾಬಿನೆಟ್‌ನ ಬಣ್ಣಬಣ್ಣದ ಲೈಟ್ ಹೊತ್ತಿಕೊಂಡ ತಕ್ಷಣ ಬಯಲಾಗುತ್ತದೆ.

ನಾನು ಊರಿಗೆ ಹೋದಾಗ ಕ್ಯಾಲೆಂಡರ್ ಹಾಳೆಯನ್ನು ಜಗಲಿಯ ಮೇಲೆ ಹರಡಿದೆ. ತಂಗಿ ಬಗ್ಗಿ ನೋಡಿದಳು. "ಅಣ್ಣ, ನೀನು ಬೇಕಾದ್ರೆ ಕಂಪ್ಯೂಟರ್ ತಗೋ. ಮದುವೆಗೆ ಹೆಂಗೋ ಆಗುತ್ತೆ" ಅಂದಳು. ಹೆಂಗೋ ಅನ್ನುವ ಮಾತಿಗೇ ಅಲ್ವಾ ಬಡ್ಡಿ ಕಟ್ಟುವುದು! ಅಪ್ಪ ಕನ್ನಡಕ ಹಾಕಿಕೊಂಡು 1,11,000 ಅನ್ನುವ ಸಾಲಿನ ಮೇಲೆ ಬೆರಳಿಟ್ಟರು. "ಇದಕ್ಕೇನು ಮಾಡೋದು ಅದನ್ನ ಹೇಳು ಮೊದ್ಲು" ಅಂದರು. ಅಲ್ಲಿಂದ ಮಾತು ಕಂಪ್ಯೂಟರ್ ಬಿಟ್ಟು ಮದುವೆಯ ಕಡೆ ತಿರುಗಿತು. ಚಿಕ್ಕಮ್ಮ ಬಡ್ಡಿ ಇಲ್ಲದೆ 50,000 ಕೊಡಲು ಒಪ್ಪಿದರು. ದೀಪಾವಳಿ ಬೋನಸ್ 45,000 ಅದಕ್ಕೇ ಅಂತ ನಾನು ಒಪ್ಪಿಕೊಂಡೆ. ಊಟಕ್ಕೆ 150 ಎಲೆ ಕಡಿಮೆ ಮಾಡಿದೆವು, ಅಲ್ಲಿ ಸುಮಾರು 36,000 ಉಳಿಯಿತು. ಮೂರೂ ಸೇರಿ 1,31,000. ನನ್ನ 18,600 ಕೂಡ ಅದರೊಳಗೇ ಸರಿಹೋಯಿತು. ಅಮ್ಮ ಅದನ್ನು ನೋಡಿ, "ಆಟದ ಪೆಟ್ಟಿಗೆಗೆ ಇಷ್ಟು ಸಾಕಲ್ವಾ?" ಅಂದರು. ಸಾಕು ಅಂದೆ. ಪೂರ್ತಿ ನಿಜ ಅಲ್ಲ.

ಹೆಜ್ಜೆ 8: ಮುಂದೂಡಿದರೆ ಅದಕ್ಕೂ ಒಂದು ತಾರೀಕು ಕೊಡಿ

"ಆಮೇಲೆ ನೋಡೋಣ" ಅಂತ ಬಿಟ್ಟ ಆಸೆ ಒಂದು ದಿನ ರಾತ್ರಿ ಹನ್ನೊಂದಕ್ಕೆ ಸೇಲ್‌ನಲ್ಲಿ ಬಟನ್ ಒತ್ತಿಸಿಬಿಡುತ್ತದೆ. ಅದರ ಬದಲು ಬ್ಯಾಂಕಿನಲ್ಲಿ ಒಂದು ಆರ್‌ಡಿ ಶುರು ಮಾಡಿ. ಚೀಟಿ ಹಾಕುವ ಅಭ್ಯಾಸ ಇರುವವರು ಎಂಎಸ್‌ಐಎಲ್‌ನಂಥ ಸರ್ಕಾರಿ ಕಡೆ ಹಾಕಿ, ಆಫೀಸಿನವರು ಸೇರಿ ನಡೆಸುವ ಬಾಯಿಮಾತಿನ ಚೀಟಿ ಬೇಡ. ಮದುವೆ ಮುಗಿದ ಮೇಲೆ ಮಾರ್ಚ್‌ನಿಂದ ನಾನು ತಿಂಗಳಿಗೆ 6,000ದ ಆರ್‌ಡಿ ಕಟ್ಟುತ್ತಿದ್ದೇನೆ, ಅಷ್ಟೇ ಮೊತ್ತ ಚಿಕ್ಕಮ್ಮನಿಗೂ ಹೋಗುತ್ತದೆ.

ಕಾದರೆ ಅಗ್ಗ ಆಗೇ ಆಗುತ್ತದೆ ಅಂತ ಮಾತ್ರ ನಂಬಬೇಡಿ. ನಾನು ನಂಬಿದ್ದೆ. 2025ರ ಕೊನೆಯಲ್ಲಿ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗೆ ಮುಗಿಬಿದ್ದು ರ‍್ಯಾಮ್ ಬೆಲೆ ಏರಿತು. ಮೈಕ್ರಾನ್ ಕಂಪನಿ ಡಿಸೆಂಬರ್‌ನಲ್ಲಿ ತನ್ನ ಕ್ರೂಶಿಯಲ್ ಹೆಸರಿನ ರ‍್ಯಾಮ್, ಎಸ್‌ಎಸ್‌ಡಿ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ನನ್ನ ಚೀಟಿಯಲ್ಲಿ 9,000 ಇದ್ದ ರ‍್ಯಾಮ್ ಜನವರಿಯಲ್ಲಿ ಕೇಳಿದಾಗ 20,000 ದಾಟಿತ್ತು. ಕಾದಿದ್ದಕ್ಕೆ ಬಿದ್ದ ದಂಡ ಅದು, ಒಪ್ಪುತ್ತೇನೆ. ಅದೇ ಏಪ್ರಿಲ್‌ನಲ್ಲಿ ಕೊಂಡಿದ್ದರೆ ಅಡ್ವಾನ್ಸ್‌ಗೆ ಒಂದು ಸಾಲ, ಹೆಂಚಿಗೆ ಒಂದು ಸಾಲ ಆಗುತ್ತಿತ್ತು.

ಸೆಕೆಂಡ್ ಹ್ಯಾಂಡ್ ಕಾರ್ಡ್ ಕೊಳ್ಳುವವರು ಎದುರಿಗೇ ಹಾಕಿಸಿ ಹದಿನೈದು ನಿಮಿಷ ಲೋಡ್ ಕೊಟ್ಟು ನೋಡಿ. ಫ್ಯಾನ್ ಕರಕರ ಅಂದರೆ, ಪರದೆಯ ಮೇಲೆ ಚುಕ್ಕಿ ಬಂದರೆ, ಸ್ಕ್ರೂ ತಲೆ ಸವೆದಿದ್ದರೆ ಬಿಟ್ಟು ಬನ್ನಿ. ಹಳೇ ಬಿಲ್ ಇದ್ದರೆ ಅದರ ಸೀರಿಯಲ್ ನಂಬರ್ ಕಾರ್ಡಿನ ಜೊತೆ ತಾಳೆ ನೋಡಿ. ಹೊಸದು ಕೊಳ್ಳುವವರು ಮೂರು ಅಂಗಡಿಯಲ್ಲಾದರೂ ಕೊಟೇಶನ್ ಬರೆಸಿ. ನಾನು ಹೊಸ ಕೊಟೇಶನ್ ತರಲು ಮತ್ತೆ ಎಸ್.ಪಿ. ರೋಡ್‌ಗೆ ಹೋಗುವವನಿದ್ದೇನೆ, ಶನಿವಾರವೇ. ಭಾನುವಾರ ಹೋಗಬೇಡಿ, ಬಹಳಷ್ಟು ಅಂಗಡಿಗೆ ಬಾಗಿಲು ಹಾಕಿರುತ್ತದೆ.